ನಡುಗುವ ದೀಪವೂ ತೂಗುಮಣೆಯೂ



ಕಳೆದ ಕಾರ್ತಿಕ ಮಾಸದಲ್ಲಿ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಒಬ್ಬಳೇ ನಮ್ಮ ಮನೆಗೆ ಬಂದಳು. ಮದುವೆಯಾದ ಮೇಲೆ ಆಕೆ ಒಬ್ಬಳೇ ಬಂದದ್ದು ಅದೇ ಮೊದಲು. ನನ್ನ ಮನೆಯವರು ಚಹದ ಬಟ್ಟಲು ಕೈಗಿತ್ತು, ಏನನ್ನೂ ಕೇಳದೆ ಎದುರಿಗೆ ಕುಳಿತರು. ನಾನು ಮಾತ್ರ ಗಂಡಸರ ಸ್ವಭಾವದಂತೆ, "ಅಳಿಯಂದಿರು ಯಾಕ ಬರಲಿಲ್ಲವಾ?" ಎಂದು ನೇರವಾಗಿ ಕೇಳಿಬಿಟ್ಟೆ.

ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲಿಯೇ ಬರೆಯುತ್ತೇನೆ. ಇದಕ್ಕೆ ಆಕೆಯ ಒಪ್ಪಿಗೆ ಇದೆ. "ಮಾಮಾ, ಮನ್ಯಾಗ ನಾವಿಬ್ಬರ ಇರೋದು. ನಾ ಅಡಿಗಿ ಮನ್ಯಾಗ ನಿಂತು 'ಊಟಕ್ಕ ಬರ್ರಿ' ಅಂತ ಮೊಬೈಲ್‌ನ್ಯಾಗ ಬರೀತೀನಿ. ಅವರು ಹಾಲ್‌ನ್ಯಾಗ ಕುಂತು 'ಬಂದೆ' ಅಂತ ಬರೀತಾರ. ಬಾಯಿ ಬಿಟ್ಟು ಮಾತಾಡಿದರ ಜಗಳಾನ ಆಗತೈತಿ. ಅದಕ್ಕ ಈಗ ಅವರು ಒಂದು ದೀಪಾ ಮಾಡಾಕತ್ತಾರ. ನಾವು ಜಗಳಾಡಿದರ ಅದು ಅಂಜಿ ನಡುಗತೈತಂತ. ಅದನ್ನ ನೋಡಿ ನಾವು ಸುಮ್ಮನಾಗಬೇಕಂತ."

ನಾನು ನಕ್ಕೆ. ಆಕೆ ನಗಲಿಲ್ಲ. ನಗಬಾರದಿತ್ತೆಂದು ಆ ಕ್ಷಣವೇ ನನಗೆ ಅರಿವಾಯಿತು. ಏಕೆಂದರೆ ಆಕೆ ಮರಳಿ ಹೋಗುವ ದಿನವನ್ನು ನಿಶ್ಚಯಿಸದೆ ಬಂದಿದ್ದಳು. ಅಳಿಯ ಎಂಜಿನಿಯರ್. ಕೆಟ್ಟವನಲ್ಲ, ದುಶ್ಚಟಗಳಿಲ್ಲ, ದುಡಿದು ತರುವವನು. ಕೆಟ್ಟ ಬಾಗಿಲಿರಲಿ, ಕೆಟ್ಟ ಬಾಂಧವ್ಯವಿರಲಿ, ಅವನ್ನು ಉಪಕರಣಗಳಿಂದ ಸರಿಪಡಿಸಬಹುದೆಂದು ನಂಬಿರುವ ಪೀಳಿಗೆಯವನು. ಆ ದೀಪದ ಕಲ್ಪನೆ ಅವನದಲ್ಲವೆಂದೂ, ಹೊರದೇಶದ ವಿದ್ವಾಂಸರು ಮಾಡಿ ನೋಡಿದ್ದೆಂದೂ ಹೇಳಿ, ಅಚ್ಚು ಹಾಕಿಸಿದ ಕೆಲವು ಪುಟಗಳನ್ನು ಆಕೆ ನನ್ನ ಮುಂದಿಟ್ಟಳು. ನಾನು ಮಠದಲ್ಲಿ ಸಂಸ್ಕೃತ-ಕನ್ನಡಗಳನ್ನು ಕಲಿತವನು. ಇಂಗ್ಲಿಷು ನನಗೆ ನಡುವಯಸ್ಸಿನಲ್ಲಿ ದಕ್ಕಿದ ಭಾಷೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಎಂಟು ದಿನ ಓದಿದೆ. ಆ ಪುಟಗಳು ಬೇರೆ ಪುಟಗಳಿಗೆ ಕರೆದೊಯ್ದವು. ಓದಿದ್ದರಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ್ದು ಬಹಳವಿತ್ತಾದ್ದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಆ ದೀಪದ ಮೂಲ ಇಸ್ರೇಲ್ ದೇಶದ ಹರ್ಜ್ಲಿಯಾ ಪಟ್ಟಣದಲ್ಲಿದೆ. ಅಲ್ಲಿನ ಐ.ಡಿ.ಸಿ. ಎಂಬ ವಿದ್ಯಾಸಂಸ್ಥೆಯಲ್ಲಿ (2021ರಿಂದ ಅದು ರೈಖ್‌ಮನ್ ವಿಶ್ವವಿದ್ಯಾಲಯವೆನಿಸಿಕೊಂಡಿದೆ) ಗೈ ಹಾಫ್‌ಮನ್, ಓರೆನ್ ಝುಕರ್‌ಮನ್ ಮತ್ತು ಅವರ ಸಂಗಡಿಗರು 'ಕಿಪ್' ಎಂಬ ಒಂದು ಚಿಕ್ಕ ಯಂತ್ರವನ್ನು ನಿರ್ಮಿಸಿದರು. ಅದರ ವಿವರವನ್ನು 2015ರಲ್ಲಿ ಅಮೆರಿಕೆಯ ಪೋರ್ಟ್‌ಲೆಂಡ್ ನಗರದಲ್ಲಿ ನಡೆದ ವಿದ್ವತ್ ಸಮ್ಮೇಳನದಲ್ಲಿ ಮಂಡಿಸಿದರು. ನೋಡಲು ಅದು ಓದುವ ಮೇಜಿನ ದೀಪದ ಬಂಧುವಿನಂತಿದೆ. ಕೈಕಾಲುಗಳಿಲ್ಲ, ಮುಖವಿಲ್ಲ, ಮಾತಿಲ್ಲ. ಇಬ್ಬರು ಮಾತನಾಡುವಾಗ ಅದು ಮಗ್ಗುಲಲ್ಲಿ ಸುಮ್ಮನೆ ಕುಳಿತಿರುತ್ತದೆ. ಅವರಾಡುವ ಮಾತಿನ ಅರ್ಥ ಅದಕ್ಕೆ ತಿಳಿಯದು. ಅರ್ಥವನ್ನು ಬಿಟ್ಟು ಮಾತಿನ ಹೊರಲಕ್ಷಣಗಳನ್ನು ಮಾತ್ರ ಅದು ಗಮನಿಸುತ್ತದೆ. ಮಾತು ಸಮಾಧಾನದಿಂದ ಸಾಗಿದ್ದರೆ ಕುತೂಹಲದಿಂದ ಆಲಿಸುವವರಂತೆ ತಲೆಯೆತ್ತುತ್ತದೆ. ಮಾತು ಕಟುವಾದಂತೆ ತೋರಿದರೆ ಹೆದರಿದವರಂತೆ ಮುದುಡಿಕೊಳ್ಳುತ್ತದೆ.

ಇದನ್ನು ದಂಪತಿಗಳ ಸಂಭಾಷಣೆಯಲ್ಲಿಟ್ಟು ಪರೀಕ್ಷಿಸಿದರು. ಕೆಲವರ ಮುಂದೆ ಮಾತಿಗೆ ಸ್ಪಂದಿಸುವ ಯಂತ್ರ, ಉಳಿದವರ ಮುಂದೆ ಮಾತಿನ ಗೊಡವೆಯಿಲ್ಲದೆ ಸುಮ್ಮನೆ ಅಲುಗಾಡುವ ಯಂತ್ರ. ಸ್ಪಂದಿಸುವ ಯಂತ್ರದತ್ತ ಜನರ ದೃಷ್ಟಿ ಹೆಚ್ಚು ಹರಿಯಿತು; ಆದರೆ ಅದರಿಂದ ಅವರ ಮಾತಿನ ಓಟಕ್ಕೆ ಹೆಚ್ಚಿನ ಭಂಗವಾಗಲಿಲ್ಲ. ಅದಕ್ಕೆ ಮನುಷ್ಯ ಗುಣಗಳಿವೆಯೆಂದೂ, ಅದು ತಮ್ಮಂತೆಯೇ ಇದೆಯೆಂದೂ ಅವರು ಹೆಚ್ಚಾಗಿ ಭಾವಿಸಿದರು. ಇಷ್ಟೇ ಅವರು ಕಂಡುಕೊಂಡದ್ದು. ಆ ದಂಪತಿಗಳ ಮನೆಯಲ್ಲಿ ಜಗಳ ಕಡಿಮೆಯಾಯಿತೆಂದು ಅವರು ಹೇಳಿಲ್ಲ, ಪ್ರಾಮಾಣಿಕರಾದ್ದರಿಂದ ಹೇಳಿಲ್ಲ. ಅಳಿಯ ಈ ಅಂತರವನ್ನು ಗಮನಿಸದೆ ದೀಪಕ್ಕೆ ಕೈಹಾಕಿದ್ದನೆಂದು ನನಗೆ ತೋರಿತು.

ಆದರೆ ಅದನ್ನು ಹುಚ್ಚೆಂದು ತಳ್ಳಿಹಾಕುವ ಮೊದಲು ನಮ್ಮ ಹಳೆಯ ಮನೆಗಳನ್ನು ಸ್ವಲ್ಪ ನೆನೆಯಿರಿ. ಪಡಸಾಲೆಯಲ್ಲಿ ಅಜ್ಜ ಕುಳಿತಿರುತ್ತಿದ್ದ. ಒಳಮನೆಯಲ್ಲಿ ಮಗ-ಸೊಸೆಯರ ದನಿ ಒಂದು ಮಟ್ಟವನ್ನು ಮೀರಿದರೆ ಅಜ್ಜನಿಗೆ ತಪ್ಪದೆ ಕೆಮ್ಮು ಬರುತ್ತಿತ್ತು! ಅಡುಗೆ ಮನೆಯಲ್ಲಿ ಅತ್ತೆಯ ಕೈಯಿಂದ ತಾಟು ಜಾರಿ ಬೀಳುತ್ತಿತ್ತು. ತೊಟ್ಟಿಲ ಕೂಸು ಬೆಚ್ಚಿ ಅಳುತ್ತಿತ್ತು. ಅವರಾರೂ ಜಗಳದ ವಿಷಯವನ್ನು ಕೇಳುತ್ತಿರಲಿಲ್ಲ, ನ್ಯಾಯ ಹೇಳುತ್ತಿರಲಿಲ್ಲ. ದನಿಯ ಎತ್ತರವೊಂದನ್ನೇ ಅಳೆದು ತಮ್ಮ ಇರವನ್ನು ಸೂಚಿಸುತ್ತಿದ್ದರು. ಹರ್ಜ್ಲಿಯಾದ ಪಂಡಿತರು ಮಾಡಿದ್ದು ಆ ಕೆಮ್ಮನ್ನೇ. ನಾಲ್ಕನೆಯ ಮಹಡಿಯ ಮನೆಯಲ್ಲಿ ಗಂಡಹೆಂಡಿರಿಬ್ಬರೇ ಇರುವಾಗ ಕೆಮ್ಮುವವರಾರು? ಆ ಸ್ಥಾನ ತೆರವಾಗಿದೆ. ಅದನ್ನು ತುಂಬಲು ಒಂದು ವಸ್ತುವನ್ನು ತಂದು ಇಡಬೇಕೆನಿಸಿದ್ದು ಅಸಹಜವಲ್ಲ.

ಇದನ್ನು ನಾನು ಬಹಳ ಸಂತೋಷದಿಂದ ನನ್ನ ಸೊಸೆಯಂತಿರುವ ಆ ಹುಡುಗಿಗೆ ವಿವರಿಸಿದೆ. ಆಕೆ ಕೇಳಿಸಿಕೊಂಡು, ಒಂದೇ ಮಾತಿನಲ್ಲಿ ನನ್ನ ಪಾಂಡಿತ್ಯವನ್ನು ಇಳಿಸಿಬಿಟ್ಟಳು: "ಮಾಮಾ, ಅಜ್ಜ ಕೆಮ್ಮಿದಾಗ ಸುಮ್ಮನಾಗತಿದ್ದವರು ಯಾರು?"

ನಾನು ಉತ್ತರಿಸಲಿಲ್ಲ. ನನ್ನ ಮನೆಯವರು ತಲೆಯೆತ್ತದೆ, "ಸೊಸಿ" ಎಂದರು.

ಆಕೆ ಮುಂದುವರಿದು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಳಿಯ ಎಂದೂ ದನಿಯೆತ್ತುವವನಲ್ಲ. ಮೆಲ್ಲಗೆ, ನಗುನಗುತ್ತಲೇ, "ನಿನಗ ತಿಳಿಯೂದಿಲ್ಲ ಬಿಡು" ಎನ್ನುತ್ತಾನೆ. ಆಕೆಯ ಸಂಬಳದ ಲೆಕ್ಕ, ಆಕೆಯ ತಾಯಿಯ ಔಷಧದ ವೆಚ್ಚ, ಮಗು ಯಾವಾಗ ಎಂಬ ಪ್ರಶ್ನೆ, ಎಲ್ಲಕ್ಕೂ ಅದೇ ಮೆಲುದನಿ. ಹತ್ತು ಬಾರಿ ನುಂಗಿಕೊಂಡು ಹನ್ನೊಂದನೆಯ ಬಾರಿ ಈಕೆ ಕೂಗುತ್ತಾಳೆ. "ಆಗ ದೀಪಾ ಯಾರನ್ನ ನೋಡಿ ನಡುಗತೈತಿ, ಮಾಮಾ? ನನ್ನ ನೋಡಿ. ಅವರು ದೀಪಾ ತೋರಿಸಿ, 'ನೋಡು, ಯಂತ್ರಕ್ಕೂ ಗೊತ್ತಾತು' ಅಂತಾರ."

ಹೆಂಗಸಿನ ದನಿ ಏರಿದಾಗ ನಡುಗುವ ದೀಪಕ್ಕೆ ಗಂಡಸಿನ ದನಿಯಿಲ್ಲದ ಇರಿತ ಕಾಣಿಸುವುದಿಲ್ಲ. ಇದು ಆ ವಿದ್ವಾಂಸರ ದೋಷವೆನ್ನಲಾರೆ. ಅಳೆಯಲು ಬರುವುದನ್ನು ಅವರು ಅಳೆದರು. ಅಳೆಯಲು ಬಾರದ್ದು ಮನೆಗಳಲ್ಲಿ ಹೆಚ್ಚಾಗಿದೆ. ಇನ್ನೊಂದು ಸಂದೇಹವೂ ನನ್ನಲ್ಲಿ ಮೂಡಿತು. ಪರೀಕ್ಷೆಗೆ ಬಂದವರಲ್ಲಿ ಆ ಯಂತ್ರದ ಮೇಲೆ ಒಂದು ಬಗೆಯ ಮಮತೆ ಹುಟ್ಟಿತಲ್ಲವೇ? ಮೇಜಿನ ಮೇಲಿನ ಉಪಕರಣ ಮುದುಡಿದಾಗ ಮರುಗುವ ಮನುಷ್ಯ, ಎದುರಿಗೆ ಕುಳಿತ ಹೆಂಡತಿ ಮುದುಡಿದಾಗ ಏಕೆ ಮರುಗಲಿಲ್ಲ? ಆಕೆ ಮುದುಡುವುದು ಅವನಿಗೆ ರೂಢಿಯಾಗಿ ಹೋಗಿರಬೇಕು. ದೀಪ ಹೊಸದು.

ಅದೇ ಸಮ್ಮೇಳನದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ತಾನಾಗಿ ಚಲಿಸುವ ಒಂದು ಕಾಲುಮಣೆಯ ವಿಷಯವನ್ನು ಮಂಡಿಸಿದ್ದರು. ಕುಳಿತವರ ಬಳಿಗೆ ಅದು ಸರಿದು ಬಂದು, ಕಾಲಿಡಿರೆಂದು ಚಲನೆಯಿಂದಲೇ ಸೂಚಿಸುತ್ತದೆ. ಕೆಲಹೊತ್ತಿನ ಮೇಲೆ ಕಾಲು ತೆಗೆಯಿರೆಂದೂ ಸೂಚಿಸುತ್ತದೆ. ನಿಜವಾಗಿ ಅದನ್ನು ಮರೆಯಲ್ಲಿ ಕುಳಿತ ಮನುಷ್ಯನೊಬ್ಬ ನಡೆಸುತ್ತಿದ್ದನು. ಮಾತಿಲ್ಲದ ಮಣೆಯೊಂದು ಹತ್ತಿರ ಬಂದು ದೂರ ಸರಿದರೆ ಅದರಲ್ಲಿಯೂ ಜನ ಇಂಗಿತವನ್ನು ಓದುತ್ತಾರೆಂಬುದು ಆ ಪ್ರಯೋಗದಿಂದ ತಿಳಿದದ್ದು. ಗೋಡೆಯೊಳಗೆ ಸರಿದುಹೋಗುವ ಮಂಚ, ಕಪಾಟುಗಳೂ ಈಗ ಬಂದಿವೆ. ಸ್ವೀಡನ್ನಿನ ಹೆಸರಾಂತ ಪೀಠೋಪಕರಣ ಸಂಸ್ಥೆ ಇಕಿಯಾ ಅಂಥದೊಂದನ್ನು 2019ರಲ್ಲಿ ಘೋಷಿಸಿತು. ಅವು ಜಾಗ ಉಳಿಸುವಂಥವು. ನಮ್ಮ ವಿಷಯಕ್ಕೆ ಅವುಗಳ ಅಗತ್ಯವಿಲ್ಲ.

ಚಲಿಸುವ ಮಣೆಗಿಂತ, ಚಲಿಸದ ಕುರ್ಚಿಗಳ ಕಥೆಯೊಂದು ನನ್ನನ್ನು ಹೆಚ್ಚು ಕಾಡಿತು. 1950ರ ದಶಕದಲ್ಲಿ ಕೆನಡಾ ದೇಶದ ಸಸ್ಕ್ಯಾಚೆವನ್ ಪ್ರಾಂತದ ಒಂದು ಆಸ್ಪತ್ರೆಯಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಒಂದು ಸಂಗತಿಯನ್ನು ಗಮನಿಸಿದರು. ವೃದ್ಧ ಸ್ತ್ರೀಯರ ವಾರ್ಡು ಹೊಸದಾಗಿತ್ತು, ಬಣ್ಣ ಬಳಿದು ಸುಂದರವಾಗಿತ್ತು. ಆದರೂ ಅಲ್ಲಿದ್ದವರು ಪರಸ್ಪರ ಮಾತನಾಡುವುದು ದಿನದಿಂದ ದಿನಕ್ಕೆ ಕ್ಷೀಣಿಸುತ್ತಿತ್ತು. ಇದನ್ನು ಪರಿಶೀಲಿಸಲು ರಾಬರ್ಟ್ ಸೊಮರ್ ಎಂಬ ಮನಶ್ಶಾಸ್ತ್ರಜ್ಞರನ್ನು ಕರೆಸಿದರು. ಕುರ್ಚಿಗಳೆಲ್ಲ ಗೋಡೆಗುಂಟ ಸಾಲಾಗಿ ಇದ್ದವು. ಸೊಮರ್ ಅವುಗಳನ್ನು ಚಿಕ್ಕ ಚೌಕ ಮೇಜುಗಳ ಸುತ್ತ ಇಡಿಸಿದರು. ವೃದ್ಧೆಯರು ಮೊದಲು ಒಪ್ಪಲಿಲ್ಲ; ತಮ್ಮ ತಮ್ಮ ಕುರ್ಚಿಯ ತಾವಿಗೆ ಅವರು ಒಗ್ಗಿಹೋಗಿದ್ದರು. ಕೆಲವು ವಾರ ಕಳೆದ ಮೇಲೆ ಎಣಿಸಿ ನೋಡಿದರೆ ಅವರ ಸಂಭಾಷಣೆಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಔಷಧವಿಲ್ಲ, ಉಪದೇಶವಿಲ್ಲ. ಕುರ್ಚಿಗಳ ಮುಖ ತಿರುಗಿಸಿದ್ದಷ್ಟೇ.

ಅದೇ ಆಸ್ಪತ್ರೆಯ ಊಟದ ಮನೆಯಲ್ಲಿ ಆರಡಿ ಉದ್ದ, ಮೂರಡಿ ಅಗಲದ ಮೇಜುಗಳ ಸುತ್ತ ಯಾರು ಯಾರೊಡನೆ ಮಾತನಾಡುತ್ತಾರೆಂಬುದನ್ನೂ ಸೊಮರ್ ಎಣಿಸಿದರು. ಮೇಜಿನ ಮೂಲೆಯ ಎರಡು ಬದಿಗೆ ಕುಳಿತವರ ಮಾತುಕತೆ, ಪಕ್ಕಪಕ್ಕ ಕುಳಿತವರ ಮಾತುಕತೆಯ ಎರಡರಷ್ಟಿತ್ತು. ಪಕ್ಕಪಕ್ಕದವರದು, ಮೇಜಿನ ಅಡ್ಡಕ್ಕೆ ಎದುರುಬದುರು ಕುಳಿತವರದಕ್ಕಿಂತ ಮೂರರಷ್ಟಿತ್ತು. 1966ರಲ್ಲಿ ಎಡ್ವರ್ಡ್ ಹಾಲ್ ಎಂಬ ವಿದ್ವಾಂಸರು ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ ಮೇಲೆ ಇದು ಲೋಕಕ್ಕೆಲ್ಲ ತಿಳಿಯಿತು. ಎದುರುಬದುರು ಕುಳಿತಾಗ ನ್ಯಾಯಾಲಯದ ಭಾವ ಬರುತ್ತದೆಂದು ನನ್ನ ಊಹೆ. ನಾನು ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದಾಗ ನೂರಾರು ಹುಡುಗರು ಎರಡು ಪಂಕ್ತಿಗಳಲ್ಲಿ ಎದುರುಬದುರಾಗಿ ಕುಳಿತು ಉಣ್ಣುತ್ತಿದ್ದೆವು. ಮಾತನಾಡಬಾರದೆಂಬ ನಿಯಮವಿತ್ತು, ಆದರೂ ಪಿಸುಮಾತು ಹೋಗುತ್ತಿದ್ದದ್ದು ಪಕ್ಕದವನಿಗೇ, ಎದುರಿನವನಿಗಲ್ಲ.

ಇದನ್ನು ಓದುತ್ತಿರುವಾಗ ನನ್ನ ತಪ್ಪೊಂದು ಪುಟದೊಳಗಿಂದಲೇ ಎದ್ದು ಬಂದಂತಾಯಿತು. ಅದನ್ನು ಬರೆಯದೆ ಅಳಿಯನ ದೋಷವನ್ನಷ್ಟೇ ಬರೆದರೆ ಅದು ಅನ್ಯಾಯ.

ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ತೂಗುಮಣೆಯಿತ್ತು. ಸಾಗವಾನಿಯ ಹಲಗೆ, ತೊಲೆಗೆ ಬಿಗಿದ ಕಬ್ಬಿಣದ ಸರಪಳಿಗಳು. ರಾತ್ರಿ ಊಟವಾಗಿ, ಪಾತ್ರೆ ತೊಳೆದಾದ ಮೇಲೆ ನನ್ನ ಮನೆಯವರು ಅದರ ಒಂದು ತುದಿಗೆ ಬಂದು ಕುಳಿತುಕೊಳ್ಳುತ್ತಿದ್ದರು. ನಾನು ಇನ್ನೊಂದು ತುದಿಗೆ. ಒಂದು ಕಾಲು ಮಡಚಿ, ಸರಪಳಿಗೆ ಬೆನ್ನು ಕೊಟ್ಟು ಓರೆಯಾಗಿ ಕೂರುವುದು ರೂಢಿ. ಸೊಮರ್ ಹೇಳಿದ ಮೇಜಿನ ಮೂಲೆ ಅದೇ ಅಲ್ಲವೇ? ಅವರ ಕಾಲ ಹೆಬ್ಬೆರಳು ನೆಲವನ್ನು ಒತ್ತಿದಾಗ ನಾನೂ ತೂಗುತ್ತಿದ್ದೆ. ಅವರ ಮನಸ್ಸಿನಲ್ಲಿ ಏನಾದರೂ ಇದ್ದರೆ ಆ ಒತ್ತು ನಿಲ್ಲುತ್ತಿತ್ತು, ಹಲಗೆ ತಾನಾಗಿ ನಿಧಾನವಾಗುತ್ತಿತ್ತು, ನಾನು "ಏನಾತು?" ಎನ್ನುತ್ತಿದ್ದೆ. ಕಣ್ಣಿಗೆ ಬೀಳುವ ಮೊದಲೇ ಅದು ದೇಹಕ್ಕೆ ತಿಳಿಯುತ್ತಿತ್ತು.

1990ರ ದಶಕದಲ್ಲಿ ಹೊಸ ಮನೆ ಕಟ್ಟಿಸಿದಾಗ ಪಡಸಾಲೆಯನ್ನು 'ಹಾಲ್' ಮಾಡಿ, ಸೋಫಾ ತಂದು, ಅದರ ಮುಖವನ್ನು ದೂರದರ್ಶನದ ಪೆಟ್ಟಿಗೆಯ ಕಡೆಗೆ ಇಡಿಸಿದೆ. ತೂಗುಮಣೆ ಹಳ್ಳಿಯವರದೆಂದು ಬಿಟ್ಟೆ. "ಒಂದು ಕೊಂಡಿ ಹಾಕಿಸ್ರಿ, ಜಾಗ ಐತಿ" ಎಂದು ಅವರು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಹಲಗೆ ಅಟ್ಟವೇರಿತು, ಅದರ ಮೇಲೆ ಜೋಳದ ಚೀಲಗಳು ಕುಳಿತವು. ಆಮೇಲಿನ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಸೋಫಾದ ಮೇಲೆ ಪಕ್ಕಪಕ್ಕದಲ್ಲಿ ಕುಳಿತು, ಒಂದೇ ಪೆಟ್ಟಿಗೆಯನ್ನು ನೋಡುತ್ತ ಅಸಂಖ್ಯಾತ ಸಂಜೆಗಳನ್ನು ಕಳೆದಿದ್ದೇವೆ. ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಅವರ ಮೊಣಕಾಲು ನೋವು ಎರಡು ವರ್ಷ ಹಳೆಯದೆಂದು ನನಗೆ ತಿಳಿದದ್ದು ವೈದ್ಯರ ಕೋಣೆಯಲ್ಲಿ, ಅವರು ವೈದ್ಯರಿಗೆ ಹೇಳಿದಾಗ.

ಅಮೆರಿಕೆಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಮನೆಯಂತೆಯೇ ಸಜ್ಜುಗೊಳಿಸಿದ ಪ್ರಯೋಗಶಾಲೆಯಲ್ಲಿ ದಂಪತಿಗಳನ್ನಿರಿಸಿ ಅವರ ಸಾಮಾನ್ಯ ಮಾತುಗಳನ್ನು ದಾಖಲಿಸಿದರು. ಒಬ್ಬರು ಕಿಟಕಿಯಾಚೆ ನೋಡಿ "ಅಗೋ, ಆ ದೋಣಿ ನೋಡು" ಎನ್ನುವಂಥ ಕ್ಷುಲ್ಲಕ ಕರೆಗಳಿಗೆ ಇನ್ನೊಬ್ಬರು ತಿರುಗಿ ಓಗೊಡುತ್ತಾರೋ ಇಲ್ಲವೋ ಎಂಬುದನ್ನು ಎಣಿಸಿದರು. ಆರು ವರ್ಷಗಳ ನಂತರವೂ ಕೂಡಿ ಬಾಳುತ್ತಿದ್ದವರು ನೂರರಲ್ಲಿ 86 ಕರೆಗಳಿಗೆ ಓಗೊಟ್ಟಿದ್ದರು. ಬೇರೆಯಾದವರು 33ಕ್ಕೆ ಮಾತ್ರ. ಕೊಂಡಿ ಹಾಕಿಸಿರೆಂಬುದು ಎರಡು ಕರೆಗಳು. ನಾನು ಒಂದಕ್ಕೂ ಓಗೊಡಲಿಲ್ಲ.

ದೂರದಲ್ಲಿರುವ ದಂಪತಿಗಳ ವಿಷಯ ಬೇರೆ. ಈ ಅಂಕಣವನ್ನು ಓದುವ ತಾಯಂದಿರಲ್ಲಿ ಗಂಡ ಕೊಲ್ಲಿ ದೇಶಗಳಲ್ಲಿಯೋ ಸೈನ್ಯದಲ್ಲಿಯೋ ಅಮೆರಿಕೆಯಲ್ಲಿಯೋ ಇರುವವರು ಅನೇಕರಿದ್ದಾರೆಂದು ನಾನು ಬಲ್ಲೆ. ಅವರಿಗಾಗಿ ಇಷ್ಟನ್ನು ಬರೆಯಬೇಕು. ಜಪಾನ್ ದೇಶದಲ್ಲಿ ನೌಕರಿಯ ವರ್ಗಾವಣೆಯಾದಾಗ ಸಂಸಾರವನ್ನು ಊರಲ್ಲಿಯೇ ಬಿಟ್ಟು ಗಂಡಸು ಒಬ್ಬನೇ ಹೋಗುವುದು ಎಷ್ಟು ಸಾಮಾನ್ಯವೆಂದರೆ, ಅದಕ್ಕೆ 'ತಾನ್‌ಶಿನ್ ಫುನಿನ್' ಎಂಬ ಹೆಸರೇ ಇದೆ. ಆ ದೇಶದ ಇತಿರೋ ಸಿಯೊ ಎಂಬ ವಿಜ್ಞಾನಿ 2002ರಲ್ಲಿ ಅಮೆರಿಕೆಯ ಸಂಗಡಿಗರೊಡನೆ ಒಂದು ಜೋಡಿ ಕಪಾಟನ್ನು ರೂಪಿಸಿದರು. ಇಲ್ಲಿಯ ಖಾನೆಯಲ್ಲಿ ಒಂದು ವಸ್ತುವನ್ನಿಟ್ಟು ಮುಚ್ಚಿದರೆ ಅದರ ಚಿತ್ರ ತೆಗೆಯಲ್ಪಟ್ಟು, ದೂರದ ಮನೆಯ ಕಪಾಟಿನ ಖಾನೆ ಎಳೆದಾಗ ಅಲ್ಲಿ ಕಾಣಿಸುತ್ತದೆ. ಮೊಮ್ಮಗ ಇಟ್ಟ ಆಟಿಕೆಯನ್ನು ಅಜ್ಜಿ ತನ್ನ ಖಾನೆಯಲ್ಲಿ ಕಾಣಬಹುದು. ಮುಂದೆ ಅವರು ಟೋಕಿಯೋದ ಒಚನೊಮಿಜು ಮಹಿಳಾ ವಿಶ್ವವಿದ್ಯಾಲಯದಲ್ಲಿ ಹಿತೋಮಿ ತ್ಸುಜಿತಾ, ಕೋಜಿ ತ್ಸುಕಾದಾ ಎಂಬವರೊಡನೆ, ದೂರವಿರುವ ಪ್ರೇಮಿಗಳಿಗಾಗಿ ಜೋಡಿ ಸಾಮಾನುಗಳನ್ನು ಮಾಡಿ 2007ರಲ್ಲಿ ಪ್ರಕಟಿಸಿದರು. ಇಲ್ಲಿ ದೀಪವನ್ನು ಮಂದಗೊಳಿಸಿದರೆ ಅಲ್ಲಿಯೂ ಮಂದವಾಗುತ್ತದೆ. ಇಲ್ಲಿ ಕಸದ ಬುಟ್ಟಿಯ ಮುಚ್ಚಳ ತೆರೆದರೆ ಅಲ್ಲಿಯ ಮುಚ್ಚಳವೂ ತೆರೆದುಕೊಳ್ಳುತ್ತದೆ!

ಕಸದ ಬುಟ್ಟಿಯಿಂದ ಪ್ರೇಮಸಂದೇಶವೇ ಎಂದು ನಾನು ಮೊದಲು ಹಾಸ್ಯ ಮಾಡಿದೆ. ಆಮೇಲೆ ಯೋಚಿಸಿದೆ. ಒಂದೇ ಮನೆಯಲ್ಲಿರುವ ಗಂಡಹೆಂಡಿರು ಒಬ್ಬರನ್ನೊಬ್ಬರು ಮಾತಿನಿಂದಲೇ ಅರಿಯುತ್ತಾರೆಯೇ? ಬಚ್ಚಲಲ್ಲಿ ತಂಬಿಗೆಯ ಸದ್ದು, ಬಾಗಿಲ ಅಗಳಿಯ ಸದ್ದು, ಕೊಡ ಇಳಿಸುವ ಸದ್ದು, ಇವುಗಳಿಂದಲೇ ಇವತ್ತು ಮನಸ್ಸು ಹೇಗಿದೆಯೆಂದು ತಿಳಿಯುತ್ತದೆ. ದೂರದವರಿಗೆ ಇಲ್ಲವಾಗುವುದು ಈ ಸದ್ದುಗಳು. ದೂರವಾಣಿಯಲ್ಲಿ ಕುಶಲ ಸಿಗುತ್ತದೆ, ಸಹವಾಸ ಸಿಗುವುದಿಲ್ಲ. ಅಮೆರಿಕೆಯ ಎಂ.ಐ.ಟಿ.ಯಲ್ಲಿ 1997ರ ಹೊತ್ತಿಗೇ ಸ್ಕಾಟ್ ಬ್ರೇವ್, ಆಂಡ್ರೂ ಡಾಲಿ, ಹಿರೋಶಿ ಇಶಿಯಿ ಎಂಬವರು ಮರದ ಉರುಳೆಗಳ ಒಂದು ಜೋಡಿಯನ್ನು ಕಲ್ಪಿಸಿದ್ದರು. ಒಂದು ಕಡೆ ಮೂರು ಉರುಳೆ, ದೂರದ ಇನ್ನೊಂದು ಕಡೆ ಮೂರು. ಇವರು ಉರುಳಿಸಿದರೆ ಅವರ ಅಂಗೈಯಡಿ ಅದು ಉರುಳುತ್ತದೆ. ಅವರು ತಡೆದರೆ ಇವರ ಕೈಗೆ ಆ ತಡೆ ತಿಳಿಯುತ್ತದೆ. ಬರಿಯ ಉರುಳೆ, ಅದರಲ್ಲಿ ಅಕ್ಷರವಿಲ್ಲ, ಚಿತ್ರವಿಲ್ಲ. ನಮ್ಮ ತೂಗುಮಣೆಯನ್ನು ಎರಡು ಊರುಗಳ ನಡುವೆ ಕಟ್ಟಿದಂತೆ ನನಗೆ ಕಂಡಿತು. ಇವೆಲ್ಲ ಪ್ರಯೋಗಶಾಲೆಯ ಮಾದರಿಗಳೆಂಬುದನ್ನು ಮಾತ್ರ ಮರೆಯಬಾರದು.

ದೂರದವರ ಈ ಉರುಳೆಗೂ ಹತ್ತಿರದವರ ನಡುಗುವ ದೀಪಕ್ಕೂ ನಾನು ಕಾಣುವ ಭೇದವಿದು: ಉರುಳೆ ಒಬ್ಬರ ಕೈಯನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತದೆ. ದೀಪ ಇಬ್ಬರನ್ನೂ ಹೊರಗಿನಿಂದ ನೋಡಿ ಅಭಿಪ್ರಾಯ ಹೇಳುತ್ತದೆ. ಮೊದಲನೆಯದು ನನಗೆ ಒಪ್ಪಿಗೆಯಾಗುತ್ತದೆ. ಎರಡನೆಯದರ ಬಗ್ಗೆ ಇನ್ನೊಂದು ಭಯವೂ ಇದೆ. ಮನೆಯೊಳಗೆ ಕೇಳುವ, ನೋಡುವ ವಸ್ತುವನ್ನು ತಂದಿಟ್ಟರೆ ಅದು ಕೇಳಿದ್ದು ಎಲ್ಲಿಗೆ ಹೋಗುತ್ತದೆ? ನೆಲ ಗುಡಿಸುವ ಸ್ವಯಂಚಾಲಿತ ಯಂತ್ರಗಳ ಪರೀಕ್ಷಾರ್ಥ ಮಾದರಿಗಳು 2020ರಲ್ಲಿ ಮನೆಗಳ ಒಳಗೆ ತೆಗೆದ ಚಿತ್ರಗಳು, ಶೌಚಾಲಯದಲ್ಲಿದ್ದ ಮಹಿಳೆಯೊಬ್ಬಳ ಚಿತ್ರವೂ ಸೇರಿದಂತೆ, ಬೇರೊಂದು ಖಂಡದ ಕೂಲಿಕಾರರ ಕೈಸೇರಿ ಸಾಮಾಜಿಕ ಜಾಲತಾಣಗಳಿಗೆ ಹೋದವೆಂಬ ಸುದ್ದಿ 2022ರ ಡಿಸೆಂಬರ್‌ನಲ್ಲಿ ಹೊರಬಂತು. ಆ ಮನೆಯವರು ಪರೀಕ್ಷೆಗೆ ಒಪ್ಪಿ ಸಹಿ ಹಾಕಿದ್ದರಂತೆ. ಅಜ್ಜನ ಕೆಮ್ಮು ಹೊಸ್ತಿಲು ದಾಟುತ್ತಿರಲಿಲ್ಲ.

ಇಷ್ಟನ್ನೂ ಓದಿ ಮುಗಿಸಿದ ಮೇಲೆ ಅಳಿಯನಿಗೆ ನಾನೇ ದೂರವಾಣಿ ಮಾಡಿದೆ. ಉಪದೇಶ ಹೇಳಬಾರದೆಂದು ನಿರ್ಧರಿಸಿಕೊಂಡಿದ್ದೆ. "ದೀಪ ಎಲ್ಲಿಗೆ ಬಂತಪ್ಪಾ?" ಎಂದೆ. ಅವನು ಉತ್ಸಾಹದಿಂದ ವಿವರಿಸತೊಡಗಿದನು: ದನಿಯ ಮಟ್ಟವನ್ನು ಹೇಗೆ ಅಳೆಯುವುದು, ಯಾವ ಮಟ್ಟಕ್ಕೆ ತಲೆ ಬಾಗಿಸುವುದು, ಇತ್ಯಾದಿ. ಎಲ್ಲ ಕೇಳಿ, "ಮೆಲ್ಲಗೆ ಆಡಿದ ಮಾತಿಗೆ ಅದು ನಡುಗುವಂತೆ ಮಾಡಲು ಬರುತ್ತದೆಯೇ?" ಎಂದು ಕೇಳಿದೆ. ಬಹಳ ಹೊತ್ತು ಅವನು ಮಾತನಾಡಲಿಲ್ಲ. ಆಮೇಲೆ, "ಆಕೆ ಏನಂದಳು ಮಾಮಾ?" ಎಂದನು.

"ಅದನ್ನ ಆಕೆನ್ನ ಕೇಳು" ಎಂದೆ. "ಬರೆದು ಕೇಳಬ್ಯಾಡ."

ಅವನು ಮರುವಾರ ಬಂದನು. ಮೂವರಿಗೂ ಚಹ ಕೊಟ್ಟು ನನ್ನ ಮನೆಯವರು ನನ್ನನ್ನು ಒಳಗೆ ಕರೆದರು. ನಾನು ಹಾಲ್‌ನಲ್ಲಿ ನ್ಯಾಯ ಹೇಳಲು ಕುಳಿತುಬಿಡುವೆನೆಂದು ಅವರಿಗೆ ಗೊತ್ತು. ಅವರು ಮಾಡಿದ ಇನ್ನೊಂದು ಕೆಲಸವನ್ನು ನಾನು ಆಮೇಲೆ ಗಮನಿಸಿದೆ. ಸೋಫಾದ ಎದುರಿಗಿದ್ದ ಕುರ್ಚಿಯನ್ನು ಎತ್ತಿ ಅದರ ತೋಳಿನ ಪಕ್ಕಕ್ಕೆ, ಮೂಲೆಯಾಗುವಂತೆ ಇಟ್ಟಿದ್ದರು. ಸೊಮರ್ ಮಹಾಶಯರ ಹೆಸರನ್ನು ಅವರು ಕೇಳಿದವರಲ್ಲ. ನಾನು ಎಂಟು ದಿನ ಊಟದ ಹೊತ್ತಿನಲ್ಲಿ ಒದರಿದ್ದನ್ನು ಕೇಳಿಸಿಕೊಂಡಿದ್ದರೋ, ಅಥವಾ ಅದು ಅವರಿಗೆ ಮೊದಲೇ ಗೊತ್ತಿತ್ತೋ, ತಿಳಿಯದು. ಒಳಗಿನಿಂದ ನಮಗೆ ಕೇಳಿಸಿದ್ದು ಆಕೆಯ ಏರುದನಿ, ನಡುನಡುವೆ ದೀರ್ಘ ಮೌನ. ನನಗೆ ಕೆಮ್ಮು ಬಂತು. ನನ್ನ ಮನೆಯವರು ತುಟಿಯ ಮೇಲೆ ಬೆರಳಿಟ್ಟರು, ನುಂಗಿಕೊಂಡೆ.

ಅವರಿಬ್ಬರೂ ಕೂಡಿಯೇ ಬೆಂಗಳೂರಿಗೆ ಹೋದರು. ಎಲ್ಲವೂ ಸರಿಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಶನಿವಾರಗಳಂದು ಇಬ್ಬರೂ ಒಬ್ಬ ಆಪ್ತಸಮಾಲೋಚಕಿಯ ಬಳಿ ಹೋಗುತ್ತಿದ್ದಾರೆ. ಕಳೆದ ವಾರ ಆಕೆ ದೂರವಾಣಿ ಮಾಡಿದಾಗ, "ಅಲ್ಲಿ ಯಾರು ಹೆಚ್ಚು ಮಾತಾಡ್ತೀರಿ?" ಎಂದು ಕೇಳಿದೆ. "ಅವರ, ಮಾಮಾ. ಅವರಿಗೆ ಇಷ್ಟು ಮಾತು ಇತ್ತಂತ ನನಗ ಗೊತ್ತಿರಲಿಲ್ಲ" ಎಂದಳು. ಆ ದೀಪ ತಲೆಯಿಲ್ಲದೆ ಊಟದ ಮೇಜಿನ ಮೇಲಿದೆಯಂತೆ. ಅದರ ಕೊರಳಿಗೆ ಈಗ ಬೀಗದ ಕೈಗಳನ್ನು ತೂಗಹಾಕುತ್ತಾರಂತೆ.

ಇತ್ತ ನಾನು ಜೋಳದ ಚೀಲಗಳನ್ನಿಳಿಸಿ ಹಲಗೆಯನ್ನು ಕೆಳಗೆ ತರಿಸಿದೆ. ಒಂದು ತುದಿಗೆ ಗೆದ್ದಲು ಹಿಡಿದಿತ್ತು. ಬಡಿಗೇರರು ಆರು ಬೆರಳಿನಷ್ಟು ಕೊಯ್ದು ತೆಗೆದರು. ಸ್ಲ್ಯಾಬಿಗೆ ಈಗ ಕೊಂಡಿ ಕೂರಿಸಿದರೆ ಸೋರಬಹುದೆಂದು ಗೌಂಡಿ ಹೇಳುತ್ತಾನೆ. ಕಬ್ಬಿಣದ ಚೌಕಟ್ಟು ಮಾಡಿಸಿ ಅದಕ್ಕೆ ತೂಗುಬಿಡಬಹುದು, ಆದರೆ ಅದಕ್ಕೆ ಸೋಫಾ ತೆಗೆಯಬೇಕಾಗುತ್ತದೆ. ಯಾವುದು ಬೇಕೆಂದು ಮನೆಯವರನ್ನು ಕೇಳಿದ್ದೇನೆ. "ನೋಡೂಣ್ರಿ" ಎಂದಿದ್ದಾರೆ.